ಸೈಕಲ್ ಇಳಿದ ತಕ್ಷಣ ಮೀನಖಂಡ ಹಿಡಿಯುತ್ತಿದ್ದದ್ದು

ಹತ್ತು ಕಿ.ಮೀ. ಓಟ ನನಗೆ ಸಲೀಸು. ಆದರೆ ಮೊದಲ ಸ್ಪ್ರಿಂಟ್ ಟ್ರಯಥ್ಲಾನ್‌ಗೆ (750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ) ತಯಾರಿ ಮಾಡುವಾಗ, ಪಣಂಬೂರಿನಲ್ಲಿ ಸೈಕಲ್ ಇಳಿದು ಓಡಿದರೆ ಅರ್ಧ ಕಿಲೋಮೀಟರಿಗೇ ಮೀನಖಂಡ ಕಲ್ಲಾಗುತ್ತಿತ್ತು.

ಎಳನೀರು, ಬಾಳೆಹಣ್ಣು, ಹೊಸ ಶೂ ಯಾವುದೂ ನಡೆಯಲಿಲ್ಲ. ಓಟ ಜಾಸ್ತಿ ಮಾಡಿದ್ದಂತೂ ಸುಮ್ನೆ ದಂಡ.

ತಪ್ಪಿದ್ದದ್ದು ಸೀಟಿನಲ್ಲಿ. ಎತ್ತರ ಜಾಸ್ತಿಯಾಗಿ ತುದಿಗಾಲಲ್ಲಿ ತುಳಿಯುತ್ತಿದ್ದೆ. ಪೆಡಲ್ ತೀರಾ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಮಂಡಿ ಸರಿಯಾಗಿ ನೆಟ್ಟಗಾಗಬೇಕು, ಸೊಂಟ ವಾಲಬಾರದು. ಹಾಗೆ ನೋಡಿ 2 ಸೆಂ.ಮೀ. ಇಳಿಸಿದೆ. ಇಳಿಸುವ ಮೊದಲು ಸೀಟಿನ ಕಂಬಕ್ಕೆ ಹಳೇ ಎತ್ತರದ ಗುರುತಾಗಿ ಟೇಪ್ ಸುತ್ತಿಡಿ, ಬೇಕಾಗುತ್ತದೆ.

ಆಮೇಲೆ ಕೊನೆಯ 2 ಕಿ.ಮೀ. ಹಗುರ ಗೇರ್: ಬಲಗಾಲು 10 ಸೆಕೆಂಡಿಗೆ 15 ಸುತ್ತು. ಇಳಿದು ಮೊದಲ ಕಿಲೋಮೀಟರ್ ಮಾಮೂಲಿಗಿಂತ 30 ಸೆಕೆಂಡ್ ನಿಧಾನ, ಹೆಜ್ಜೆ ಚಿಕ್ಕದು. ವಾರಕ್ಕೆರಡು ಸಲ ಹೀಗೆ ಮಾಡಿದೆ. ಮೂರನೇ ವಾರದಿಂದ ಹಿಡಿದಿಲ್ಲ.