ರಿಮೋಟ್ ಐಡಿ ಪ್ರಸಾರಕ್ಕೆ ಬರುವ ರೇಡಿಯೊ ಅಡಚಣೆಯನ್ನು ಪತ್ತೆಹಚ್ಚಿ ತಗ್ಗಿಸುವ ಕ್ರಮ

ಹಾರುತ್ತಿರುವ ಡ್ರೋನ್ ತನ್ನ ಗುರುತಿನ ಸಂಖ್ಯೆ, ಸ್ಥಾನ, ಎತ್ತರ, ವೇಗ ಮುಂತಾದ ವಿವರಗಳನ್ನು ಸುತ್ತಲಿನವರ ಮೊಬೈಲಿಗೂ ಸಿಗುವಂತೆ ಸಾರುವ ವ್ಯವಸ್ಥೆಯೇ ರಿಮೋಟ್ ಐಡಿ. ಈ ಪ್ರಸಾರ ಏಕಮುಖವಾದದ್ದು. ಸಂದೇಶ ತಲುಪಿತೆಂಬ ಮರುತ್ತರ ಡ್ರೋನಿಗೆ ಬರುವುದಿಲ್ಲ. ನಿಯಂತ್ರಣದ ಸಂಪರ್ಕ ಕೆಟ್ಟರೆ ಹಾರಿಸುವವರಿಗೆ ಕೂಡಲೇ ತಿಳಿಯುತ್ತದೆ, ಆದರೆ ಗುರುತಿನ ಪ್ರಸಾರ ಇತರ ರೇಡಿಯೊ ಸಂಕೇತಗಳ ಗದ್ದಲದಲ್ಲಿ ಮುಳುಗಿಹೋದರೆ ಯಾವ ಸುಳಿವೂ ಸಿಗದು. ಆದ್ದರಿಂದ ಪರೀಕ್ಷೆಯನ್ನು ಸಂಕೇತ ಪಡೆಯುವ ಮೊಬೈಲಿನ ಕಡೆಯಿಂದಲೇ ಮಾಡಬೇಕು.

ಮೊದಲು ನಿಮ್ಮ ಡ್ರೋನ್ ಯಾವ ವಿಧಾನ ಬಳಸುತ್ತದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ರಿಮೋಟ್ ಐಡಿಗಾಗಿ ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆ ರೂಪಿಸಿದ ಎಫ್3411 ಮಾನದಂಡದಲ್ಲಿ ಬ್ಲೂಟೂತ್ 4, ದೂರವ್ಯಾಪ್ತಿಯ ಬ್ಲೂಟೂತ್ 5, ವೈಫೈ ನ್ಯಾನ್ (ರೂಟರ್ ಇಲ್ಲದೆ ಸಾಧನಗಳು ನೇರವಾಗಿ ಒಂದನ್ನೊಂದು ಗುರುತಿಸುವ ವಿಧಾನ) ಮತ್ತು ವೈಫೈ ಬೀಕನ್ (ರೂಟರ್ ತನ್ನ ಇರುವಿಕೆಯನ್ನು ಸಾರುವಂಥ ಸಂಕೇತ) ಎಂಬ ನಾಲ್ಕು ಬಗೆಗಳಿವೆ. ಬ್ಲೂಟೂತ್ 4ರ ಸಂದೇಶಗಳು 2402, 2426 ಮತ್ತು 2480 ಮೆಗಾಹರ್ಟ್ಸ್‌ಗಳಲ್ಲಿ ಹೊರಡುತ್ತವೆ. ಇವು ವೈಫೈಯ 1, 6 ಮತ್ತು 11ನೇ ಚಾನೆಲ್‌ಗಳ ಸಂದಿಯಲ್ಲೂ ಅಂಚಿನಲ್ಲೂ ಇರುವುದರಿಂದ ಸಾಮಾನ್ಯ ವೈಫೈಯಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ, ಆದರೆ ಹತ್ತಿರದ ರೂಟರ್ 40 ಮೆಗಾಹರ್ಟ್ಸ್ ಅಗಲದಲ್ಲಿ ಕೆಲಸ ಮಾಡುತ್ತಿದ್ದರೆ ಆ ಸಂದಿಯೂ ಮುಚ್ಚಿಹೋಗುತ್ತದೆ. ನ್ಯಾನ್ 2.4 ಗಿಗಾಹರ್ಟ್ಸ್‌ನಲ್ಲಿ ಬಳಸುವುದು 6ನೇ ಚಾನೆಲನ್ನು, ಅಂದರೆ ಬಹುತೇಕ ಎಲ್ಲೆಡೆ ಕಿಕ್ಕಿರಿದಿರುವ 2437 ಮೆಗಾಹರ್ಟ್ಸನ್ನು. ದೂರವ್ಯಾಪ್ತಿಯ ಬ್ಲೂಟೂತ್ 5 ದುರ್ಬಲ ಸಂಕೇತವನ್ನೂ ಓದಿಸಬಲ್ಲದು, ಆದರೆ ಅದರ ಪ್ರತಿ ಸಂದೇಶವೂ ಹೆಚ್ಚು ಹೊತ್ತು ಗಾಳಿಯಲ್ಲಿರುವುದರಿಂದ ಇತರ ಸಂಕೇತಗಳೊಡನೆ ಡಿಕ್ಕಿಯಾಗುವ ಅವಕಾಶವೂ ಹೆಚ್ಚು.

ಸುತ್ತಲಿನ ರೂಟರ್‌ಗಳನ್ನು ದೂರುವ ಮೊದಲು ಡ್ರೋನಿನ ಮೈಯನ್ನೇ ಪರಿಶೀಲಿಸುವುದು ಲೇಸು. ಗುರುತನ್ನು ಪ್ರಸಾರ ಮಾಡುವ ಸಾಧನವನ್ನು, ಎಂದರೆ ಮಾಡ್ಯೂಲನ್ನು, ಕಾರ್ಬನ್ ಫೈಬರ್ ಚೌಕಟ್ಟಿನ ಒಳಗಿಟ್ಟರೆ ಆ ವಸ್ತುವೇ ಸಂಕೇತವನ್ನು ತಡೆಯುತ್ತದೆ. ಆಂಟೆನಾವನ್ನು ಚೌಕಟ್ಟಿನ ಹೊರಗೆ, ಬ್ಯಾಟರಿ ಹಾಗೂ ವಿಡಿಯೊ ಟ್ರಾನ್ಸ್‌ಮಿಟರ್‌ನಿಂದ ಸಾಧ್ಯವಾದಷ್ಟು ದೂರದಲ್ಲಿ ನೆಟ್ಟಗೆ ಕೂರಿಸಿ. ಯುಎಸ್‌ಬಿ 3 ಕೇಬಲ್‌ಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಹೊರಸೂಸುತ್ತವೆಂಬುದನ್ನು ಮರೆಯಬೇಡಿ. ವಿಡಿಯೊವನ್ನು 5.8 ಗಿಗಾಹರ್ಟ್ಸ್‌ಗೆ ಸರಿಸುವುದು ಒಳ್ಳೆಯ ಉಪಾಯವೇ, ಆದರೆ ಗುರುತಿನ ವೈಫೈ ಪ್ರಸಾರ 149ನೇ ಚಾನೆಲ್‌ನಲ್ಲಿ, ಎಂದರೆ 5745 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತಿದ್ದರೆ ತೊಂದರೆ ಅಲ್ಲಿಗೆ ವರ್ಗಾವಣೆಯಾದಂತಷ್ಟೇ.

ಪರೀಕ್ಷೆಗೆ ಮುನ್ನ ಪ್ರೊಪೆಲ್ಲರ್‌ಗಳನ್ನು ಕಳಚಿಡಿ. ಏಕೆಂದರೆ ಮೋಟಾರ್ ಚಾಲನೆಗೆ ಸಜ್ಜಾದ ಮೇಲಷ್ಟೇ ಪ್ರಸಾರ ಆರಂಭಿಸುವ ಡ್ರೋನ್‌ಗಳೂ ಇವೆ. ಡ್ರೋನನ್ನು ನೆಲದಿಂದ ಎತ್ತರದಲ್ಲಿ, ನಿಮ್ಮಿಂದ ಹಲವು ಹತ್ತು ಮೀಟರ್ ದೂರದಲ್ಲಿಡಿ. ಪಕ್ಕದಲ್ಲೇ ನಿಂತು ಪರೀಕ್ಷಿಸಿದರೆ ಪ್ರಬಲ ಸಂಕೇತ ಎಲ್ಲ ದೋಷಗಳನ್ನೂ ಮರೆಮಾಡುತ್ತದೆ. ರಿಮೋಟ್ ಐಡಿ ಓದುವ ಆ್ಯಪ್‌ನಲ್ಲಿ ಒಂದು ನಿಮಿಷಕ್ಕೆ ಎಷ್ಟು ಸ್ಥಾನ ಸಂದೇಶಗಳು ಬಂದವೆಂದು ಎಣಿಸಿ. ಅಮೆರಿಕದ ನಿಯಮದಂತೆ ಸೆಕೆಂಡಿಗೆ ಒಂದಾದರೂ ಸಂದೇಶ ಹೊರಡಬೇಕು; ಆದರೂ ಮೊಬೈಲ್ ಪ್ರತಿಯೊಂದನ್ನೂ ಹಿಡಿಯದ ಕಾರಣ ಸಂಖ್ಯೆಗಿಂತ ಹೋಲಿಕೆಯೇ ಮುಖ್ಯ. ಪ್ರತ್ಯೇಕ ಮಾಡ್ಯೂಲ್ ಆದರೆ ಮೊದಲು ಅದೊಂದನ್ನೇ ಚಾಲೂ ಮಾಡಿ, ಬಳಿಕ ನಿಯಂತ್ರಣ ಸಂಪರ್ಕ, ವಿಡಿಯೊ, ಕ್ಯಾಮೆರಾಗಳನ್ನು ಒಂದೊಂದಾಗಿ ಸೇರಿಸುತ್ತ ಪ್ರತಿ ಹಂತದಲ್ಲೂ ಎಣಿಸಿ. ಎಣಿಕೆ ಯಾವ ಹಂತದಲ್ಲಿ ಕುಸಿಯಿತೋ ಅಲ್ಲಿ ಕಾರಣವಿದೆ. ಅನಂತರ ಡ್ರೋನನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನೋಡಿ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸಂಕೇತ 6 ಡೆಸಿಬೆಲ್, ಎಂದರೆ ಸುಮಾರು ಕಾಲು ಭಾಗಕ್ಕೆ, ಕುಗ್ಗುತ್ತದೆ. ಅಂದರೆ ಗದ್ದಲ ಅಷ್ಟೇ ಏರಿದರೂ ತಲುಪುವ ದೂರ ಅರ್ಧಕ್ಕಿಳಿಯುತ್ತದೆ.

ಹಲವು ಬಾರಿ ತಪ್ಪು ಮೊಬೈಲಿನದೇ ಆಗಿರುತ್ತದೆ. ಎಲ್ಲ ಮೊಬೈಲ್‌ಗಳೂ ನಾಲ್ಕೂ ಬಗೆಯ ಪ್ರಸಾರವನ್ನು ಓದಲಾರವು. ಆಂಡ್ರಾಯ್ಡ್ 9ರಿಂದೀಚೆಗೆ ಮುನ್ನೆಲೆಯಲ್ಲಿರುವ ಆ್ಯಪ್‌ಗೂ ಎರಡು ನಿಮಿಷಕ್ಕೆ ನಾಲ್ಕೇ ವೈಫೈ ಸ್ಕ್ಯಾನ್ ಎಂಬ ಮಿತಿಯಿದೆ. ಆಂಡ್ರಾಯ್ಡ್ 10ರಿಂದ ಇದನ್ನು ಡೆವಲಪರ್ ಆಯ್ಕೆಗಳಲ್ಲಿ ತೆಗೆಯಬಹುದು. ಬೇರೊಂದು ಮೊಬೈಲಿನೊಡನೆ ಹೋಲಿಸದೆ ಅಡಚಣೆಯೆಂದು ತೀರ್ಮಾನಿಸುವುದು ಸರಿಯಲ್ಲ.

ಪ್ರಸಾರದ ಶಕ್ತಿ ಹೆಚ್ಚಿಸಲು ಆಂಪ್ಲಿಫೈಯರ್ ಜೋಡಿಸಬೇಡಿ, ಏಕೆಂದರೆ ಪರವಾನಗಿಯಿಲ್ಲದೆ ಬಳಸುವ ಈ ಪಟ್ಟಿಗಳಿಗೆ ಶಕ್ತಿಯ ಮಿತಿಯಿದೆ. ಮಾಡ್ಯೂಲಿನ ಜಾಗ, ಫರ್ಮ್‌ವೇರ್ ಅಥವಾ ವಿಡಿಯೊ ಚಾನೆಲ್ ಬದಲಾದಾಗಲೆಲ್ಲ ಇದೇ ಎಣಿಕೆಯನ್ನು ಅದೇ ದೂರದಲ್ಲಿ, ಅದೇ ಮೊಬೈಲಿನಿಂದ ಮತ್ತೆ ಮಾಡಿ.