ಬಾಕಿ ಉಳಿಸಿಕೊಂಡ ಕಂಪನಿ ಆಸ್ತಿಯನ್ನು ಮನೆಯವರ ಹೆಸರಿಗೆ ಬರೆದುಕೊಟ್ಟರೆ

ಬ್ಯಾಡಗಿಯ ದಲಾಲರೊಬ್ಬರು ಹುಬ್ಬಳ್ಳಿಯ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದಕ್ಕೆ 18 ಲಕ್ಷ ರೂಪಾಯಿಯ ಒಣಮೆಣಸಿನಕಾಯಿಯನ್ನು ಉದ್ರಿ ಕೊಟ್ಟಿದ್ದು, ವಸೂಲಿ ನೋಟಿಸು ಮುಟ್ಟಿದ ಮೂರನೇ ವಾರದಲ್ಲೇ ಕಂಪನಿಯ ಗೋದಾಮು ನಿರ್ದೇಶಕರ ಪತ್ನಿಯ ಹೆಸರಿಗೆ ನೋಂದಣಿಯಾಯಿತು ಎಂದಿಟ್ಟುಕೊಳ್ಳಿ. ಇಂಥ ವ್ಯಾಜ್ಯಗಳಲ್ಲಿ ವಾದಕ್ಕಿಂತ ತಾರೀಖುಗಳೇ ಹೆಚ್ಚು ಕೆಲಸ ಮಾಡುತ್ತವೆ.

ಆದ್ದರಿಂದ ಮೊದಲು ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನೂ ಖರೀದಿಪತ್ರದ ದೃಢೀಕೃತ ನಕಲನ್ನೂ ಪಡೆಯಬೇಕು. ಖರೀದಿಪತ್ರದಲ್ಲಿ ಹಣ ಸಂದಾಯದ ಸಾಲನ್ನು ಎರಡು ಬಾರಿ ಓದಿ: ಚೆಕ್ಕಿನ ಸಂಖ್ಯೆಯಿಲ್ಲದೆ ‘ಈ ಮೊದಲೇ ರೋಖ ಮುಟ್ಟಿರುತ್ತದೆ’ ಎಂದಷ್ಟೇ ಇದ್ದರೆ, ಗೋದಾಮಿನ ಮೇಲೆ ಇನ್ನೂ ಕಂಪನಿಯ ಬೋರ್ಡೇ ತೂಗುತ್ತಿದ್ದರೆ, ಹೆಸ್ಕಾಂ ಬಿಲ್ಲು ಕಂಪನಿಯ ಹೆಸರಿಗೇ ಬರುತ್ತಿದ್ದರೆ, ಅವೆಲ್ಲ ನಿಮ್ಮ ಸಾಕ್ಷ್ಯಗಳೇ.

1882ರ ಆಸ್ತಿ ವರ್ಗಾವಣೆ ಅಧಿನಿಯಮದ 53ನೇ ಕಲಮಿನ ಪ್ರಕಾರ, ಸಾಲದಾತರಿಗೆ ಹಣ ದಕ್ಕದಂತೆ ಮಾಡುವ ಉದ್ದೇಶದ ವರ್ಗಾವಣೆಯನ್ನು ಸಾಲ ಕೊಟ್ಟವರು ರದ್ದುಪಡಿಸಿಕೊಳ್ಳಬಹುದು. ಆದರೆ ಸದ್ಭಾವನೆಯಿಂದ, ಬೆಲೆ ಕೊಟ್ಟು ಕೊಂಡವರಿಗೆ ರಕ್ಷಣೆಯಿದೆ. ದಾವೆಯನ್ನು ಎಲ್ಲ ಸಾಲದಾತರ ಪರವಾಗಿ ಹೂಡಬೇಕೆಂಬುದನ್ನು ಮರೆತು ಎಡವುವವರುಂಟು. ಪತ್ನಿ ಮತ್ತೊಬ್ಬರಿಗೆ ಮಾರದಂತೆ ತಾತ್ಕಾಲಿಕ ತಡೆಯಾಜ್ಞೆಯನ್ನು ಕೇಳಿ. ಕಂಪನಿಯ ಕೈಯಲ್ಲಿ ಉಳಿದ ಆಸ್ತಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದ 5ನೇ ನಿಯಮದಡಿ ತೀರ್ಪಿಗೆ ಮುಂಚಿನ ಜಪ್ತಿಯನ್ನು ಕೋರಿ. ಬರೀ ಅನುಮಾನದ ಮೇಲೆ ಜಪ್ತಿ ಸಿಗುವುದಿಲ್ಲ. ವ್ಯಾಪಾರಿಗಳ ನಡುವಿನ 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವ್ಯಾಜ್ಯ ವಾಣಿಜ್ಯ ನ್ಯಾಯಾಲಯದ್ದು. ತುರ್ತು ಪರಿಹಾರ ಕೇಳದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ.

ನಿರ್ದೇಶಕರ ಸ್ವಂತ ಮನೆಯ ಮೇಲೆ ಕಣ್ಣಿಡುವುದು ಸಹಜವೇ. ಆದರೂ ಕಾನೂನಿನ ದೃಷ್ಟಿಯಲ್ಲಿ ಕಂಪನಿ ಬೇರೆ, ನಿರ್ದೇಶಕರು ಬೇರೆ. ಅವರು ವೈಯಕ್ತಿಕ ಜಾಮೀನು ಬರೆದುಕೊಟ್ಟಿರಬೇಕು, ಇಲ್ಲವೇ ಕಂಪನಿಯನ್ನು ವಂಚನೆಯ ಮುಖವಾಡವಾಗಿ ಬಳಸಿದ್ದು ಸಾಬೀತಾಗಬೇಕು. ಮಗಳ ಮದುವೆಯ ಖರ್ಚು ಕಂಪನಿ ಖಾತೆಯಿಂದ ಹೋದ ದಾಖಲೆಯಂಥದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ದಿವಾಳಿ ಸಂಹಿತೆಯಡಿ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಲು ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕಾದ್ದರಿಂದ 18 ಲಕ್ಷದವರಿಗೆ ಆ ಬಾಗಿಲು ನೇರವಾಗಿ ತೆರೆಯದು. ಬೇರೆಯವರು ಪ್ರಕ್ರಿಯೆ ಆರಂಭಿಸಿದರೆ ಮಾತ್ರ ತಡಮಾಡದೆ ನಿಮ್ಮ ಕ್ಲೇಮ್ ಸಲ್ಲಿಸಿ, ಖರೀದಿಪತ್ರದ ನಕಲನ್ನೂ ಜೊತೆಗಿಡಿ: ಕಡಿಮೆ ಬೆಲೆಗೆ ಸಂಬಂಧಿಕರಿಗೆ ಮಾಡಿದ ವರ್ಗಾವಣೆಯನ್ನು 2 ವರ್ಷ ಹಿಂದಿನವರೆಗೂ ಕೆದಕಿ ತೆಗೆಯಲು ಅಲ್ಲಿ ಅವಕಾಶವಿದೆ.