ರೆಡ್ ಆಕ್ಸೈಡ್ ನೆಲದ ಮೇಲಿನ ಎನಾಮೆಲ್ ಕಲೆ: ಕಾಸ್ಟಿಕ್ ಗಂಜಿ ಬಳಿದು ತೆಗೆದ ಬಗೆ

ರೆಡ್ ಆಕ್ಸೈಡ್ ನೆಲಕ್ಕೆ, ಅಂದರೆ ಹಳೇ ಮನೆಗಳ ಕೆಂಪು ಸಿಮೆಂಟ್ ನೆಲಕ್ಕೆ, ಬಿದ್ದು ವರ್ಷಗಟ್ಟಲೆ ಒಣಗಿದ ಎನಾಮೆಲ್ ಪೇಂಟ್ ಹೋಗುತ್ತೆ. ನೆಲ ಅಗೆಯೋದು ಬೇಡ, ಮಿಷನ್ ಪಾಲಿಶ್ ಬೇಡ, ಕೆಂಪು ಮಾಸೋದೂ ಇಲ್ಲ. "ನೆಲ ಪೇಂಟನ್ನ ಕುಡ್ಕೊಂಬಿಟ್ಟಿದೆ ಸಾರ್, ಹೋಗೋ ಮಾತೇ ಇಲ್ಲ, ಮೇಲೇ ಟೈಲ್ಸ್ ಹಾಕಿಸ್ಬಿಡಿ" ಅಂದ ಮೇಸ್ತ್ರಿಗಳು ಒಬ್ಬಿಬ್ಬರಲ್ಲ, ಅದಕ್ಕೇ ಇದನ್ನು ಮೊದಲೇ ಹೇಳ್ತಿದ್ದೀನಿ. ಟೈಲ್ಸ್‌ಗೆ ಕೇಳಿದ್ದು ಕೂಲಿ, ಸಾಮಾನು ಎಲ್ಲಾ ಸೇರಿ ಚದರಡಿಗೆ ನೂರಿಪ್ಪತ್ತರ ಹತ್ತಿರ. 12ಕ್ಕೆ 14 ಅಡಿ ಹಾಲ್‌ಗೆ ಇಪ್ಪತ್ತು ಸಾವಿರ. ಕೊನೆಗೆ ಕೆಲಸ ಮುಗಿಸಿದ ಸಾಮಾನಿಗೆ ಆದದ್ದು ನಾನೂರು ಚಿಲ್ಲರೆ. ಅದಕ್ಕೂ ಮುಂಚೆ ದಂಡ ತೆತ್ತಿದ್ದು ಅದರ ಮೂರು ಪಟ್ಟು ಅನ್ನೋದು ಬೇರೆ ಮಾತು.

ಜಾಗ ಮೈಸೂರಿನ ಕೃಷ್ಣಮೂರ್ತಿಪುರಂನ ಹಳೇ ಮನೆ. ಎಂದೋ ದಸರಾಕ್ಕೆ ಮುಂಚೆ ಕಿಟಕಿ ಸರಳಿಗೆ, ಬಾಗಿಲಿಗೆ ಎನಾಮೆಲ್ (ಎಣ್ಣೆ ಪೇಂಟ್), ಗೋಡೆಗೆ ಎಮಲ್ಷನ್ (ನೀರಿನಲ್ಲಿ ಕಲಸೋ ಪೇಂಟ್) ಹೊಡೆಸುವಾಗ ಕೆಳಗೆ ಹಾಸಿದ್ದು ಬರೀ ನ್ಯೂಸ್ ಪೇಪರ್. ಅರವತ್ತು ಎಪ್ಪತ್ತು ಹನಿ, ಕಿಟಕಿ ಕೆಳಗೆ ಊಟದ ತಟ್ಟೆಯಗಲ ಚೆಲ್ಲಿದ್ದು ಒಂದು.

ಮೊದಲು ಕೆಟ್ಟದ್ದನ್ನೆಲ್ಲ ಹೇಳಿಬಿಡ್ತೀನಿ. ಟರ್ಪೆಂಟೈನ್ ಒಣಗಿದ ಎನಾಮೆಲ್‌ಗೆ ಏನೂ ಮಾಡಲ್ಲ. ಅದು ಹಸಿ ಪೇಂಟಿಗೆ, ಬ್ರಷ್ ತೊಳೆಯೋದಕ್ಕೆ. ಬಟ್ಟೆ ನೆನೆಸಿ ಒಂದು ಗಂಟೆ ಹಾಕಿಟ್ಟರೂ ಹೋದದ್ದು ಸುತ್ತಲಿನ ಮೇಣದ ಹೊಳಪು ಮಾತ್ರ. ಸೀಮೆಎಣ್ಣೆಯದೂ ಅದೇ ಕತೆ. ಎನ್‌ಸಿ ಥಿನ್ನರ್ (ಲ್ಯಾಕರ್ ತೆಳು ಮಾಡೋ ದ್ರಾವಕ) ಹಾಕಿದರೆ ಪೇಂಟ್ ಸುಕ್ಕುಗಟ್ಟಿ ಏಳುತ್ತೆ, ಆಹಾ ಅನ್ನಿಸುತ್ತೆ. ಆದರೆ ಒರೆಸಿದ ತಕ್ಷಣ ಕರಗಿದ ಬಿಳಿ ಸಣ್ಣ ಸಣ್ಣ ತೂತಿನೊಳಗೆ ಇಳಿದು, ಹನಿ ಇದ್ದಲ್ಲಿ ಅಂಗೈಯಗಲ ತಿಳಿಗುಲಾಬಿ ಮಸುಕು ಕೂರುತ್ತೆ. ಒಂದು ಕಲೆ ಹೋಗಿ ನಾಲ್ಕರಷ್ಟಾಯ್ತು. ಥಿನ್ನರ್‌ಗೆ ಮುನ್ನೂರು ಹೋಯ್ತು.

ಟಾಯ್ಲೆಟ್ ಆಸಿಡ್ ಮಾತ್ರ ಯಾರು ಹೇಳಿದರೂ ಮುಟ್ಟಬೇಡಿ. ಒಂದೇ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿದ್ದು. ಬುಸ್ಸೆಂದು ನೊರೆ ಬಂತು, ಪೇಂಟ್ ಹನಿ ಕೂತಲ್ಲೇ ಕೂತಿತ್ತು, ಸುತ್ತಲಿನ ಸಿಮೆಂಟ್ ಕರಗಿ ನೆಲ ಮರಳುಮರಳಾಯ್ತು. ಆ ಮೂಲೆ ಇವತ್ತಿಗೂ ಸರಿಹೋಗಿಲ್ಲ, ಹೋಗೋದೂ ಇಲ್ಲ. ಹುಣಸೆಹಣ್ಣು, ನಿಂಬೆಹಣ್ಣು, ವಿನೆಗರ್ ಕೂಡ ಅದೇ ಜಾತಿ, ನಿಧಾನ ಅಷ್ಟೇ. ಸುಣ್ಣದ ಕಲೆಯನ್ನು ಎತ್ತುತ್ತೆ ನಿಜ, ಜೊತೆಗೆ ಹೊಳಪನ್ನೂ ಎತ್ತುತ್ತೆ.

120 ನಂಬರ್ ಸ್ಯಾಂಡ್ ಪೇಪರ್‌ನಿಂದ ಪೇಂಟ್ ಹೋಗುತ್ತೆ, ಬಿಳಿ ಗೀರು ಉಳಿಯುತ್ತೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣಲ್ಲ. ನಮ್ಮ ದೇಶದಲ್ಲಿ ಮನೆ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಎನಾಮೆಲ್ ಅಂದರೆ ಸೀಸ ಇದ್ದರೂ ಇರಬಹುದು ಅಂತಲೇ ಲೆಕ್ಕ ಹಾಕಿ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬಾರದು, ಹೀಟ್ ಗನ್‌ನಿಂದ ಸುಡಲೂಬಾರದು. ಮಗು ಅಂಬೆಗಾಲಿಡೋ ಮನೆಯಲ್ಲಂತೂ ಬೇಡವೇ ಬೇಡ.

ಅಂಗಡಿಯ ಪೇಂಟ್ ರಿಮೂವರ್ ಕೆಲಸ ಮಾಡ್ತು, ಇಲ್ಲ ಅನ್ನಲ್ಲ. ಹತ್ತು ನಿಮಿಷದಲ್ಲಿ ಉಬ್ಬಿಸುತ್ತೆ. ತಂದ ಡಬ್ಬಿಯಲ್ಲಿದ್ದದ್ದು ಮೆಥಿಲೀನ್ ಕ್ಲೋರೈಡ್. ಅದರ ಹಬೆ ವಿಷ, ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತೆ, ನಮ್ಮ ಮೂಗೂ ಕೆಲಸ ಮಾಡುವಾಗ ಅಲ್ಲೇ ಇರುತ್ತೆ. ಅಮೆರಿಕದಲ್ಲಿ ಪೇಂಟ್ ತೆಗೆಯೋಕೆ ಅಂತ ಇದನ್ನು ಮನೆಬಳಕೆಗೆ ಮಾರೋದಕ್ಕೆ 2019ರಲ್ಲೇ ತಡೆ ಹಾಕಿದ್ದಾರೆ. ಬೆಲೆಯೂ ಕೈ ಕಚ್ಚುತ್ತೆ, ಅರ್ಧ ಲೀಟರ್ ಎಂಟೋ ಹತ್ತೋ ಹನಿಗೆ ಮುಗಿದುಹೋಯ್ತು.

ಈಗ ಕೆಲಸಕ್ಕೆ ಬರೋಣ. ಯಾವ ಪೇಂಟ್ ಅಂತ ಮೊದಲು ಗೊತ್ತುಮಾಡಿಕೊಳ್ಳಿ, ಅರ್ಧ ದುಡ್ಡು ಅಲ್ಲೇ ಉಳಿಯುತ್ತೆ. ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ಹಾಕಿ ಹನಿ ಮೇಲೆ ಎರಡು ನಿಮಿಷ ಒತ್ತಿಡಿ. ಹತ್ತಿಗೆ ಬಣ್ಣ ಬಂದು, ಉಗುರಿಗೆ ಅಂಟಂಟಾಗಿ ಸಿಕ್ಕಿದರೆ ಎಮಲ್ಷನ್. ಬಿಸಿನೀರಿಗೇ ಪುಡಿಯಾಗಿ ಬಿಟ್ಟುಕೊಂಡರೆ ಡಿಸ್ಟೆಂಪರ್. ಎರಡಕ್ಕೂ ಜಗ್ಗದೆ ಗಾಜಿನ ಹಾಗೆ ಕೂತಿದ್ದರೆ ಬಹುಪಾಲು ಎನಾಮೆಲ್.

ಎಮಲ್ಷನ್‌ಗೆ ಕಾಸ್ಟಿಕ್ ಸೋಡಾ ಅನ್ನೋ ಕಟು ಕ್ಷಾರ ದಂಡ. ಅದಕ್ಕೆ ಕೊರೊನಾ ಕಾಲದಲ್ಲಿ ಕೊಂಡು ಮೂಲೆಗೆ ಸೇರಿದ ಸ್ಯಾನಿಟೈಸರ್ ಸಾಕು, ಜೆಲ್ ಇದ್ದರೆ ಇನ್ನೂ ಒಳ್ಳೇದು. ಸ್ಪಿರಿಟ್ ಬೇಗ ಆರಿಹೋಗುತ್ತೆ, ಜೆಲ್ ಕೂತಲ್ಲೇ ಕೂತು ಕೆಲಸ ಮಾಡುತ್ತೆ. ದಪ್ಪಗೆ ಹಾಕಿ, ಮೇಲೊಂದು ಪ್ಲಾಸ್ಟಿಕ್ ಚೂರು ಮುಚ್ಚಿ, ಹದಿನೈದು ನಿಮಿಷ ಬಿಡಿ. ಸಿಪ್ಪೆ ಹಾಗೆ ಬರುತ್ತೆ. ಹತ್ತಿರ ದೇವರ ದೀಪ, ಗ್ಯಾಸ್ ಒಲೆ ಇರಬಾರದು.

ಎನಾಮೆಲ್‌ಗೆ ಕಾಸ್ಟಿಕ್. ಎನಾಮೆಲ್‌ನಲ್ಲಿರೋ ಎಣ್ಣೆ ಅಂಶ ಕಾಸ್ಟಿಕ್ ಜೊತೆ ಸೇರಿ ಸೋಪಾಗುತ್ತೆ, ಆಮೇಲೆ ನೀರಿಗೇ ಬರುತ್ತೆ. ಸಿಮೆಂಟ್ ಹುಟ್ಟಿನಿಂದಲೇ ಕ್ಷಾರ, ಕೆಂಪು ಅನ್ನೋದು ಕಬ್ಬಿಣದ ಆಕ್ಸೈಡ್, ಎರಡಕ್ಕೂ ಇದು ತಗಲಲ್ಲ. ಸೋಪು, ಫಿನಾಯಿಲ್ ಸಾಮಾನು ಮಾರೋ ಸಂತೆಪೇಟೆ ಅಂಗಡಿಯಲ್ಲಿ ಚಕ್ಕೆ ರೂಪದ ಕಾಸ್ಟಿಕ್ ಸೋಡಾ ಕೆಜಿಗೆ ನೂರರ ಆಸುಪಾಸು ಸಿಕ್ತು. ವಾಷಿಂಗ್ ಸೋಡಾ ಬೇರೆ, ಅಡುಗೆ ಸೋಡಾ ಬೇರೆ, ಕೇಳುವಾಗ ಸರಿಯಾಗಿ ಕೇಳಿ.

ಬರೀ ಕಾಸ್ಟಿಕ್ ನೀರು ಹಾಕಿದರೆ ಹರಿದುಹೋಗುತ್ತೆ, ಅರ್ಧ ಗಂಟೆಯಲ್ಲಿ ಒಣಗುತ್ತೆ. ಗಟ್ಟಿ ಮಾಡೋದು ಹೇಗೆ ಅನ್ನೋದರಲ್ಲೇ ತಿಂಗಳು ಕಳೀತು. ಹಳಬರ ಹಾಗೆ ಸುಣ್ಣ ಬೆರೆಸಿದರೆ ತೂತಿನಲ್ಲಿ ಬಿಳಿ ಉಳೀತು. ಮರದ ಹೊಟ್ಟು ಬೆರೆಸಿದರೆ ಮರದ ಒಗರು ಇಳಿದು ಚಹಾ ಬಣ್ಣದ ಕಲೆ. ರಾಗಿ ಹಿಟ್ಟಂತೂ ಕ್ಷಾರಕ್ಕೆ ಕಪ್ಪಡರಿ, ನೆಲದ ಮೇಲೆ ಸುಟ್ಟ ಮುದ್ದೆ ಮೆತ್ತಿದ ಹಾಗಾಯ್ತು. ಮೈದಾ ಗೆದ್ದಿತು. ಕಾಸ್ಟಿಕ್‌ಗೆ ಮೈದಾ ಒಲೆಯಿಲ್ಲದೆ ಬೇಯುತ್ತೆ, ಎರಡು ಮೂರು ನಿಮಿಷದಲ್ಲಿ ಪೋಸ್ಟರ್ ಅಂಟಿಸೋ ಗಂಜಿಯ ಹಾಗೆ ಹಳದಿ ಅಂಟಾಗಿ ಬಿಗಿಯುತ್ತೆ.

ಅಳತೆ ಇಷ್ಟು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಂದು ಲೀಟರ್ ತಣ್ಣೀರು, ಅದಕ್ಕೆ 100 ಗ್ರಾಂ ಕಾಸ್ಟಿಕ್ ಸ್ವಲ್ಪ ಸ್ವಲ್ಪವಾಗಿ. ನೀರಿಗೆ ಕಾಸ್ಟಿಕ್ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದ್ದು ಮುಖಕ್ಕೆ ಹಾರುತ್ತೆ. ಬಕೆಟ್ ಬಿಸಿಯಾಗುತ್ತೆ, ಹೆದರಬೇಡಿ. ಅಲ್ಯೂಮಿನಿಯಂ ಪಾತ್ರೆ, ಸೌಟು ಯಾವುದೂ ಬೇಡ, ಅದನ್ನು ತಿಂದು ಹೈಡ್ರೋಜನ್ ಬಿಡುತ್ತೆ. ಬೇರೆ ಮಗ್‌ನಲ್ಲಿ ಎಪ್ಪತ್ತು ಗ್ರಾಂ ಮೈದಾನ ಕಾಲು ಲೀಟರ್ ನೀರಲ್ಲಿ ಗಂಟಿಲ್ಲದೆ ಕದಡಿಕೊಂಡು, ಕಾಸ್ಟಿಕ್ ನೀರು ಆರಿದ ಮೇಲೆ ಸುರೀತಾ ಕೋಲಿನಲ್ಲಿ ತಿರುವಿ. ಗ್ಲೌಸ್ ಮೊಣಕೈವರೆಗಿರಲಿ, ಕಣ್ಣಿಗೆ ಕನ್ನಡಕ ಇರಲೇಬೇಕು. ಕೈ ಜಾರುಜಾರಾಗಿ ಅನ್ನಿಸಿತು ಅಂದರೆ ತಗುಲಿದೆ ಅಂತ ಅರ್ಥ. ಉರಿ ಬರಲಿ ಅಂತ ಕಾಯದೆ ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಹಿಡೀರಿ.

ಗಂಜಿಯನ್ನು ಹನಿ ಮೇಲೆ ಮೂರು ಮಿಲಿಮೀಟರ್ ದಪ್ಪ ಬಳೀಬೇಕು, ಅಂದರೆ ದೋಸೆಗಿಂತ ಸ್ವಲ್ಪ ಜಾಸ್ತಿ. ಈ ಅಳತೆಗೆ ನಾಲ್ಕು ನಾಲ್ಕೂವರೆ ಚದರಡಿ ಬರುತ್ತೆ, ಹಾಲ್‌ಗೆ ಮೂರು ಸಲ ಕಲಸಬೇಕಾಯ್ತು. ಬಳಿದ ಮೇಲೆ ಪಾಲಿಥೀನ್ ಮುಚ್ಚಿ, ಅಂಚಿಗೆ ಟೇಪ್. ಗುಟ್ಟೇನಾದರೂ ಇದ್ದರೆ ಈ ಮುಚ್ಚೋದರಲ್ಲಿದೆ. ಒಣಗಿದ ಗಂಜಿ ಕೆಲಸ ಮಾಡಲ್ಲ, ಮೇಲಾಗಿ ಅದನ್ನು ಕೆರೆಯೋದೇ ಇನ್ನೊಂದು ಕೆಲಸ. ಹೊಸಿಲು, ಬಾಗಿಲ ಚೌಕಟ್ಟಿನ ಹತ್ತಿರ ಎರಡಿಂಚು ಬಿಡಿ, ಮರ ತಗುಲಿದರೆ ಕಪ್ಪಾಗುತ್ತೆ.

ಕಾಯೋದು ಎಷ್ಟು ಹೊತ್ತು? ಬೇಸಿಗೆಯಲ್ಲಿ ತೆಳು ಹನಿಗೆ ಮುಕ್ಕಾಲು ಗಂಟೆ, ದಪ್ಪದ್ದಕ್ಕೆ ಎರಡು ಗಂಟೆ. ಡಿಸೆಂಬರ್ ಚಳಿಯಲ್ಲಿ ಇದರ ಎರಡರಷ್ಟು. ಪ್ಲಾಸ್ಟಿಕ್ ಮೇಲಿಂದ ನೋಡಿದರೆ ಹನಿಯ ಸುತ್ತ ಕಂದು ಬಣ್ಣದ ಉಂಗುರ ಮೂಡಿರುತ್ತೆ, ಒತ್ತಿದರೆ ನೆನೆದ ಅವಲಕ್ಕಿ ಹಾಗೆ ಜರುಗುತ್ತೆ. ಆಗ ತೆಗೀಬೇಕು. ಜರುಗದಿದ್ದರೆ ಮತ್ತೆ ಮುಚ್ಚಿ, ಬಲ ಹಾಕಬೇಡಿ. ತೆಗೆಯೋಕೆ ಕಬ್ಬಿಣದ ಬ್ಲೇಡ್ ಬೇಡ. ಒಡೆದ ತೆಂಗಿನ ಚಿಪ್ಪಿನ ಅಂಚು ಮೆತ್ತಗಾದ ಪೇಂಟಿಗಿಂತ ಗಟ್ಟಿ, ನೆಲಕ್ಕಿಂತ ಮೆದು, ಗೀರು ಬೀಳಲ್ಲ. ಚಿಪ್ಪಿನ ಅಂಚನ್ನು ಯಾವ ಓರೆಗೆ ಮಸೀಬೇಕು ಅನ್ನೋದು ನನ್ನ ಹತ್ತಿರವೇ ಇರಲಿ, ನಾಲ್ಕು ಚಿಪ್ಪು ಹಾಳುಮಾಡಿದರೆ ನಿಮಗೂ ಗೊತ್ತಾಗುತ್ತೆ. ಕೆರೆದದ್ದನ್ನು ಒದ್ದೆಯಾಗಿದ್ದಾಗಲೇ ಪೇಪರಿನಲ್ಲಿ ಸುತ್ತಿ ಕವರಿಗೆ ಹಾಕಿ.

ತಟ್ಟೆಯಗಲದ ಕಲೆಗೆ ಮೂರು ಸುತ್ತು ಬೇಕಾಯ್ತು. ಮೊದಲ ಸುತ್ತಿನಲ್ಲಿ ಮೇಲಿನ ಕೆನೆ, ಎರಡನೇದರಲ್ಲಿ ಮೈ, ಮೂರನೇದು ತೂತಿನಲ್ಲಿ ಉಳಿದ ಬಿಳಿಗೆ. ಥಿನ್ನರ್ ಮಾಡಿಟ್ಟ ಗುಲಾಬಿ ಮಸುಕೂ ಈ ಮೂರನೇ ಸುತ್ತಿನಲ್ಲೇ, ನೈಲಾನ್ ಬ್ರಷ್ ಆಡಿಸಿದಾಗ ಮುಕ್ಕಾಲು ಪಾಲು ಹೋಯ್ತು. ಪೇಂಟನ್ನು ನೆಲ ಕುಡಿದಿದೆ ಅಂದವರಿಗೆ ತೋರಿಸಿದ್ದು ಇದನ್ನೇ.

ಇಷ್ಟಕ್ಕೇ ಗೆದ್ದೆವು ಅಂತ ನಿಲ್ಲಿಸಿದರೆ ಕೆಟ್ಟಿರಿ. ಮೊದಲ ಜಾಗವನ್ನು ಎರಡು ಬಕೆಟ್ ನೀರಿನಲ್ಲಿ ಒರೆಸಿ ಬಿಟ್ಟದ್ದಕ್ಕೆ ಮೂರನೇ ದಿನ ಉಪ್ಪಿನ ಹಾಗೆ ಬಿಳಿ ಪುಡಿ ಮೇಲೆ ಬಂತು. ಉಳಿದ ಕಾಸ್ಟಿಕ್ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ವಾಷಿಂಗ್ ಸೋಡಾ ಆಗಿ ಹೊರಬರೋದು ಅದು. ಆರೇಳು ಸಲ ಬೇರೆ ಬೇರೆ ನೀರಿನಲ್ಲಿ ತೊಳೀಬೇಕು. ಸಾಕೋ ಇಲ್ಲವೋ ಅಂತ ನೋಡೋಕೆ ಮನೆಯಲ್ಲೇ ಅರಿಶಿನ ಇದೆ. ಬಿಳಿ ಬಟ್ಟೆಚೂರನ್ನು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿಡಿ. ನೆಲದ ಮೇಲೆ ಐದು ನಿಮಿಷ ನಿಂತ ನೀರಿನ ಹನಿಯನ್ನು ಅದರ ಮೇಲೆ ಬಿಟ್ಟಾಗ ಬಟ್ಟೆ ಕುಂಕುಮದ ಬಣ್ಣಕ್ಕೆ ತಿರುಗಿದರೆ ಇನ್ನೂ ಕಾಸ್ಟಿಕ್ ಇದೆ. ಪಕ್ಕದಲ್ಲೇ ಬರೀ ನಲ್ಲಿ ನೀರಿನ ಹನಿ ಬಿಟ್ಟು ಹೋಲಿಸಿ, ಎರಡೂ ಒಂದೇ ಥರ ಆಗುವವರೆಗೆ ತೊಳೀತಾ ಇರಿ. ಕೊನೆಗೊಮ್ಮೆ ಇಪ್ಪತ್ತು ಪಾಲು ನೀರಿಗೆ ಒಂದು ಪಾಲು ವಿನೆಗರ್ ಹಾಕಿ ಬಟ್ಟೆ ಹಿಂಡಿ ಒರೆಸಿ, ಕೂಡಲೇ ಮತ್ತೆ ನೀರು. ವಿನೆಗರ್ ಬೇಡ ಅಂದವರೇ ಹಾಕಿ ಅಂತೀರಲ್ಲ ಅನ್ನಬೇಡಿ, ಇಷ್ಟು ತೆಳುವಾಗಿ, ಇಷ್ಟು ಸ್ವಲ್ಪ ಹೊತ್ತಿಗೆ ತೊಂದರೆಯಿಲ್ಲ.

ನೆಲ ಈಗ ಸಪ್ಪೆಯಾಗಿ ಕಾಣುತ್ತೆ, ಮೇಣ ಎಲ್ಲಾ ಹೋಗಿರುತ್ತೆ. ಎರಡು ದಿನ ಫ್ಯಾನ್ ಹಾಕಿ ಒಣಗಿಸಿ ಕೆಂಪು ಮೇಣದ ಪಾಲಿಶ್ ಎರಡು ಕೋಟ್. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ, ವಾರ ಕಳೆಯೋದರೊಳಗೆ ಧೂಳು ಹಿಡಿದು ಕಮಟು ವಾಸನೆ ಬರುತ್ತೆ, ನನಗೆ ಒಗ್ಗಲಿಲ್ಲ. ಮಸುಕು ಉಳಿದ ಜಾಗಕ್ಕೆ ಮೊದಲ ಕೋಟ್‌ನಲ್ಲಿ ಬೆರೆಸೋ ಒಂದು ಪುಡಿ ಇದೆ, ಅದನ್ನೂ ಹೇಳಲ್ಲ.

ಬೇರೆ ನೆಲಕ್ಕೆ ಎರಡೇ ಮಾತು. ಮೊಸಾಯಿಕ್‌ಗೂ ಕಡಪ ಕಲ್ಲಿಗೂ ಇದೇ ಗಂಜಿ ನಡೆಯುತ್ತೆ, ಹೊತ್ತು ಅರ್ಧ ಮಾಡಿ. ಕಡಪ ಸುಣ್ಣದ ಕಲ್ಲೇ, ಅದಕ್ಕೂ ಆಸಿಡ್ ಆಗಲ್ಲ. ವಿಟ್ರಿಫೈಡ್ ಟೈಲ್ಸ್‌ಗೆ ಇಷ್ಟು ರಗಳೆ ಯಾಕೆ, ಸೋಪ್ ನೀರು ಹಾಕಿ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಎತ್ತಿ. ಬ್ಲೇಡಿನ ಬೂದು ಗೆರೆ ಬಿದ್ದರೆ ಮೊಸಾಯಿಕ್ ಪಾಲಿಶ್‌ನವರ ಆಕ್ಸಾಲಿಕ್ ಪುಡಿ ಒದ್ದೆ ಬಟ್ಟೆಯಲ್ಲಿ ಉಜ್ಜಿ. ಮರದ ನೆಲಕ್ಕೆ ಕಾಸ್ಟಿಕ್ ಬೇಡ, ವಿನೈಲ್ ಶೀಟಿಗೆ ಥಿನ್ನರ್ ಬೇಡ.

ಮತಗಟ್ಟೆಯಾಗಿದ್ದ ಶಾಲೆಯ ಕೆಂಪು ನೆಲದ ಮೇಲೆ ಬಿದ್ದ ಚುನಾವಣೆ ಶಾಯಿಗೂ ಈ ಗಂಜಿ ಬಳಿದು ನೋಡಿದ್ದಾಯ್ತು. ನಮ್ಮೂರಿನದೇ ಸರಕು, 1962ರಿಂದ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ತಯಾರಾಗ್ತಿರೋದು. ಅದರಲ್ಲಿರೋದು ಸಿಲ್ವರ್ ನೈಟ್ರೇಟ್, ಎಣ್ಣೆಯಲ್ಲ. ಎರಡು ಗಂಟೆ ಮುಚ್ಚಿಟ್ಟು ತೆಗೆದರೆ ಸುತ್ತಲಿನ ಕೊಳೆ ಹೋಗಿ ನೆಲ ಚೊಕ್ಕಟವಾಗಿತ್ತು, ಶಾಯಿ ಮೊದಲಿಗಿಂತ ಚೆನ್ನಾಗಿ ಎದ್ದು ಕಾಣ್ತಿತ್ತು.